ಹಗಲು ಹೇಳಿದ ಕಥೆ

ಮರಾಠಿ ಸೀಮೆಯ ಬಿಬವೇವಾಡಿಯ ಆ ಓಣಿಯಲ್ಲಿ ಯಾರನ್ನು ಕೇಳಿದರೂ ಆನೆಯ ಮನೆ ತೋರಿಸುತ್ತಿದ್ದರು. ರಿಕ್ಷಾದವರು ಅದನ್ನು 'ಹತ್ತೀಚಿ ಲಾಯಬ್ರರಿ' ಎನ್ನುತ್ತಿದ್ದರು. ನಮ್ಮ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು 'ಆನಿ ಮನಿ' ಎನ್ನುತ್ತಿದ್ದರು. ಕನ್ನಡ ಸಂಘದ ಮಕ್ಕಳ ಗ್ರಂಥಾಲಯ ಎಂಬ ಅದರ ನಿಜವಾದ ಹೆಸರು ಬಾಗಿಲ ಮೇಲಿನ ತಗಡಿನಲ್ಲಿ ತುಕ್ಕು ಹಿಡಿಯುತ್ತ ಕೂತಿತ್ತು. ರಸ್ತೆಯ ಕಡೆಯ ಗೋಡೆಯ ಮೇಲೆ ನೀಲಿ ಆನೆಯೊಂದು ಕನ್ನಡಕ ಹಾಕಿಕೊಂಡು ಪುಸ್ತಕ ಹಿಡಿದು ನಿಂತಿತ್ತು. ಪುಸ್ತಕ ತಲೆಕೆಳಗಾಗಿತ್ತು. ಸೊಂಡಿಲಿಗೆ ಜಾಗ ಸಾಲದೆ ಅದು ಎಡಕ್ಕೆ ಹೊರಳಿ, ಪಕ್ಕದ ಸಂದಿಯತ್ತ ಬೆರಳು ಮಾಡಿದಂತೆ ಚಾಚಿಕೊಂಡಿತ್ತು.

ಆನೆಯನ್ನು ಬರೆದವಳು ಗ್ರಂಥಪಾಲಕಿ ಕೃಷ್ಣಾಬಾಯಿ. ಗ್ರಂಥಾಲಯ ತೆರೆದ ಮೊದಲ ಬೇಸಿಗೆಯಲ್ಲಿ, ಉಳಿದ ಸುಣ್ಣಕ್ಕೆ ನೀಲಿ ಕಲಸಿ, ಮಕ್ಕಳನ್ನು ಸುತ್ತ ಕೂಡಿಸಿಕೊಂಡು ಬರೆದದ್ದು. ಪುಸ್ತಕ ಬರೆಯುವ ಕೆಲಸವನ್ನು ಒಂದು ಮಗುವಿಗೆ ಬಿಟ್ಟಿದ್ದಳು. ಇನ್ನೂ ಅಕ್ಷರ ಬಾರದ ಮಗು ಅದು, ತನಗೆ ತೋಚಿದಂತೆ ಬರೆಯಿತು. "ಇರಲಿ ಬಿಡು. ಓದು ಬಾರದ ಆನಿ. ಕಲಿಯೂತನಕಾ ಹಿಂಗಽ ಹಿಡಕೊಂಡಿರತದ" ಎಂದು ಕೃಷ್ಣಾಬಾಯಿ ನಕ್ಕುಬಿಟ್ಟಿದ್ದಳು.

ಅವಳು ಬೆಳಗಾವಿ ಸೀಮೆಯವಳು. ಗಂಡ ತೀರಿಕೊಂಡ ಮೇಲೆ ಸಂಘದವರು ಕೊಟ್ಟ ಕೆಲಸ ಇದು. ಕೆಲಸದ ಜೊತೆ ವಾಸಕ್ಕೆ ಹಿಂಬದಿಯ ಒಂದು ಖೋಲಿಯನ್ನೂ ಕೊಟ್ಟಿದ್ದರು. ಕೆಲಸ ಹೋದರೆ ಖೋಲಿಯೂ ಹೋಗುವುದು ಯಾರೂ ಹೇಳದೆ ಗೊತ್ತಿದ್ದ ಮಾತು. ಗ್ರಂಥಾಲಯದ ಕಿಟಕಿಗಳಿಗೆ ಕಬ್ಬಿಣದ ಜಾಳಿಗೆ, ಕಪಾಟುಗಳಿಗೆ ಗಾಜಿನ ಬಾಗಿಲು, ತಲೆಬಾಗಿಲಿಗೆ ದೊಡ್ಡ ಬೀಗ. ಬೀಗದ ಕೈ ಸಂಘದ ಕಾರ್ಯದರ್ಶಿ ದಿಗಂಬರರಾಯರ ಜನಿವಾರದ ಜೊತೆಗೇ ಇರುತ್ತಿತ್ತೆಂದು ಮಕ್ಕಳು ನಗುತ್ತಿದ್ದರು. ರಾಯರು ಬೆಳಿಗ್ಗೆ ಬಂದು ತೆರೆದರೆ ಬೆಳಗು, ಹೊತ್ತು ಮುಳುಗಿದಾಗ ಬಂದು ಹಾಕಿದರೆ ರಾತ್ರಿ. ಕೆಲವೊಮ್ಮೆ ಗಾಜಿನ ಹಿಂದೆ ಸಾಲಾಗಿ ನಿಂತ ಪುಸ್ತಕಗಳನ್ನು ಒರೆಸುತ್ತ ಅವಳು ಅವುಗಳ ಜೊತೆ ಮಾತಾಡುತ್ತಿದ್ದಳು: "ನಿಮ್ಮನ್ನರ ಯಾರರ ಮನಿಗೆ ಒಯ್ತಾರ. ನನ್ನ ಯಾರು ಒಯ್ಯೋರು?"

ಆದರೂ ಅವಳ ದಿನಗಳು ದೇವರ ಪೂಜೆಯಂತೆ ಕ್ರಮವಾಗಿದ್ದವು. ಮೊದಲು ಸರಸ್ವತಿಯ ಪಟಕ್ಕೆ ಊದಿನಕಡ್ಡಿ. ಆಮೇಲೆ ಹರಿದ ಹಾಳೆಗೆ ಮೈದಾ ಅಂಟು, ಕಪಾಟಿನ ಮೂಲೆಗೆ ಹೊಸ ಬೇವಿನ ಸೊಪ್ಪು. ಓದು ಬಾರದ ಮಕ್ಕಳೂ ತಮಗೆ ಬೇಕಾದ್ದನ್ನು ಹುಡುಕಿಕೊಳ್ಳಲೆಂದು ಪುಸ್ತಕದ ಬೆನ್ನಿಗೆ ಬಣ್ಣದ ಪಟ್ಟಿ ಹಚ್ಚಿದ್ದಳು. ಪ್ರಾಣಿಗಳ ಕಥೆಗೆ ಕೆಂಪು, ದೇವರ ಕಥೆಗೆ ಅರಿಸಿನ. ಮಧ್ಯಾಹ್ನ ಊಟವಾದ ಮೇಲೆ ಚಾಪೆ ಹಾಸಿ ಕಥೆ ಹೇಳುವುದು. ಆ ಹೊತ್ತಿಗಾಗಿಯೇ ಅವಳು ಬದುಕಿದ್ದಳು ಎಂದರೂ ತಪ್ಪಿಲ್ಲ.

ಆ ವರ್ಷ ಸಂದಿಯಾಚೆ ದೊಡ್ಡ ಕಟ್ಟಡ ಏಳತೊಡಗಿತು. ಯಾದಗಿರಿ ಕಡೆಯ ಮಂದಿ ಬಂದು ತಗಡಿನ ಗುಡಿಸಲು ಹಾಕಿಕೊಂಡರು. ಅವರ ಮಕ್ಕಳು ಮೊದಲು ಆನೆಯನ್ನು ನೋಡಲು ಬಂದವು, ಆಮೇಲೆ ಹೊಸ್ತಿಲಿಗೆ ಬಂದವು. ಕೃಷ್ಣಾಬಾಯಿ ನಳದಲ್ಲಿ ಕಾಲು ತೊಳೆಸಿ ಒಳಗೆ ಕರೆದಳು. ಚಿತ್ರದ ಪುಸ್ತಕ ಕೊಟ್ಟರೆ ಅವು ತಲೆಗೆ ತಲೆ ಕೊಟ್ಟು ನೋಡುತ್ತಿದ್ದವು. ಆದರೆ ಅವಳು ಚಾಪೆಯ ಮೇಲೆ ಕೂತು "ಒಂದೂರಾಗ..." ಎಂದದ್ದೇ ತಡ, ಕಿವಿ ಮುಚ್ಚಿಕೊಂಡು ಎದ್ದು ಓಡಿದವು.

"ಯಾಕ್ರೋ?" ಎಂದು ಅವಳು ಬಾಗಿಲಿಗೆ ಬಂದು ಕೂಗಿದಳು.

"ಹಗಲ ಹೊತ್ತು ಕಥಿ ಕೇಳಿದ್ರ ಸೋದರಮಾವ ದಾರಿ ತಪ್ಪತಾನ್ರಿ!"

ಕೃಷ್ಣಾಬಾಯಿಗೆ ಸಿಟ್ಟು ಬರಲಿಲ್ಲ. ಅವಳ ಅಜ್ಜಿಯೂ ಹಾಗೆಯೇ, ದೀಪ ಹಚ್ಚುವ ಮುಂಚೆ ಒಂದು ಕಥೆಗೂ ಬಾಯಿ ಬಿಡುತ್ತಿರಲಿಲ್ಲ. ಅಪ್ಪನಲ್ಲ, ಅಣ್ಣನಲ್ಲ, ಸೋದರಮಾವನೇ ಯಾಕೆ ದಾರಿ ತಪ್ಪಬೇಕು ಎಂದು ಚಿಕ್ಕವಳಿದ್ದಾಗ ಕೇಳಿದ್ದಳು. "ತವರಿಂದ ಬುತ್ತಿ ಕಟಗೊಂಡು ಬರಾಂವ ಅವನೊಬ್ಬನಽ ಅಲ್ಲೇನ? ಹೆಣ್ಣಮಕ್ಕಳು ದಾರಿ ಕಾಯೋದು ಅವಂದಽ" ಎಂದಿದ್ದಳು ಅಜ್ಜಿ. ನಮ್ಮ ಹಿರಿಯರ ಭಯಗಳಲ್ಲಿ ಎಷ್ಟೊಂದು ಪ್ರೀತಿ ಮಡಚಿಟ್ಟಿರುತ್ತದೆ! ಆದರೆ ಹೊತ್ತು ಮುಳುಗಿದರೆ ರಾಯರ ಬೀಗ. ಹಗಲು ಬಿಟ್ಟರೆ ಕಥೆಗೆ ಬೇರೆ ಹೊತ್ತಿರಲಿಲ್ಲ.

ಉಳಿದವಳು ದುರ್ಗಾ ಒಬ್ಬಳೇ.

ಹನ್ನೆರಡು ತುಂಬಿರಬಹುದಾದ ಹುಡುಗಿ. ತಾಯಿ ಸಾಬವ್ವ ಬುಟ್ಟಿ ಹೊರಲು ಹೋದ ಮೇಲೆ ನೇರ ಇಲ್ಲಿಗೆ ಬರುವಳು. ಚಾಪೆಯ ಅಂಚಿನಲ್ಲಿ ಕೂತು, ಮೊಣಕಾಲಿಗೆ ಗದ್ದ ಆನಿಸಿ, ಒಂದು ಕಥೆ ಮುಗಿದರೆ "ಮತ್ತೊಂದು ಹೇಳ್ರಿ ಬಾಯಾರ" ಎನ್ನುವಳು. ಅದು ಮುಗಿದರೆ ಇನ್ನೊಂದು. ದಣಿದು ನೀರು ಕುಡಿಯಲು ಎದ್ದರೆ ಕಿಟಕಿಯ ಜಾಳಿಗೆಯಿಂದ ರಸ್ತೆ ನೋಡಿ ಬಂದು ಮತ್ತೆ ಕೂಡುವಳು. ಇಂಥ ಹಸಿವಿನ ಕಿವಿಯನ್ನು ಕೃಷ್ಣಾಬಾಯಿ ಕಂಡಿರಲಿಲ್ಲ. ಈ ಮಗುವಿಗೆ ಸರಸ್ವತಿ ಒಲಿದಿದ್ದಾಳೆ ಎಂದು ಮನಸ್ಸಿನಲ್ಲೇ ಕೈ ಮುಗಿದಳು. ಸ್ವಲ್ಪ ಹೆಮ್ಮೆಯೂ ಆಯಿತು, ಸುಳ್ಳಲ್ಲ.

ಒಂದು ದಿನ ತಮಾಷೆಗೆ ಕೇಳಿದಳು: "ಎಲ್ಲಾರೂ ಓಡ್ಯಾರ, ನೀ ಒಬ್ಬಾಕಿ ಕೂತೀಯಲ್ಲ. ನಿಮ್ಮ ಮಾವ ದಾರಿ ತಪ್ಪಿದ್ರ ಏನ ಮಾಡ್ತೀ?"

ದುರ್ಗಾ ನಗಲಿಲ್ಲ.

"ತಪ್ಪಲಿ ಅಂತನಽ ಕೇಳಾಕ ಹತ್ತೀನ್ರಿ."

ಕೃಷ್ಣಾಬಾಯಿಯ ಕೈಯಲ್ಲಿದ್ದ ಅಂಟಿನ ಕುಂಚ ಹಾಗೆಯೇ ನಿಂತಿತು. ಆಮೇಲೆ ಹುಡುಗಿ ನೆಲ ಕೆರೆಯುತ್ತ ಎಲ್ಲ ಹೇಳಿದಳು. ಸೋದರಮಾವ ಜಟ್ಟೆಪ್ಪ ಅವಳನ್ನು ಕರೆದೊಯ್ಯಲು ಬರುತ್ತಾನೆ. ಊರಿನ ಮಠದಲ್ಲಿ ಸಾಮೂಹಿಕ ಮದುವೆ. ಆಷಾಢ ಹಿಡಿಯುವ ಮುಂಚಿನ ಕಡೆಯ ಮುಹೂರ್ತ ಅದು. ಅವನಿಗೂ ಅವಳಿಗೂ.

ಅಂದು ಸಂಜೆ ಮಗಳನ್ನು ಕರೆಯಲು ಬಂದ ಸಾಬವ್ವನನ್ನು ಕೃಷ್ಣಾಬಾಯಿ ಕಟ್ಟೆಯ ಮೇಲೆ ಕೂಡಿಸಿಕೊಂಡಳು. ಸಾಬವ್ವನ ಕೂದಲ ತುಂಬ ಸಿಮೆಂಟಿನ ಬೂದಿ.

"ಇಷ್ಟು ಸಣ್ಣ ಕೂಸನ್ನ ಕೊಡ್ತೀ ಏನವಾ?"

"ನಾ ಎಲ್ಲಿ ಕೊಡ್ತೀನ್ರಿ ಬಾಯಾರ? ತೊಟ್ಟಲದಾಗ ಹಾಕಿದಾಗನಽ ಮಾತಾಗ್ಯಾದ. ನಮ್ಮವ್ವ ಹಾಸಿಗಿ ಹಿಡದಾಳ, ಕಣ್ಣಿಲೆ ನೋಡಿ ಸಾಯ್ತೀನಿ ಅಂತಾಳ. ತಮ್ಮ ಬಂದು ಬಾಗಲಾಗ ನಿಂತ್ರ ಇಲ್ಲ ಅಂತ ಹ್ಯಾಂಗ ಅನ್ನಲಿ? ಇಲ್ಲ ಅಂದ್ರ ನನಗ ತವರಽ ಇಲ್ಲ."

"ಕಾಯ್ದೆ ಅಂತ ಒಂದು ಅದ. ಇಂಥಾ ಮದುವಿ ಮಾಡಂಗಿಲ್ಲ."

"ಕಾಯ್ದೆ ನಮ್ಮ ತಗಡಿನ ಮನಿಗೆ ಬರತದೇನ್ರಿ? ಬಂದ್ರೂ ನನ್ನ ತಮ್ಮನ್ನ ಹಿಡಕೊಂಡು ಹೋಗತದ. ಅವನೂ ಕೆಟ್ಟಾಂವ ಅಲ್ರಿ." ಸಾಬವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ತಾನಾಗಿ ಬರದಿದ್ರ ಮಾತು ಬ್ಯಾರೆ. ಬರಲಿಲ್ಲ, ಮುಹೂರ್ತ ತಪ್ಪಿತು ಅಂದ್ರ ನನಗ ಯಾರು ಏನಂತಾರ? ಸ್ಲ್ಯಾಬ್ ಮುಗದ ಮ್ಯಾಲೆ ನಮ್ಮನ್ನ ಬ್ಯಾರೆ ಕೆಲಸಕ್ಕ ದೂರ ಹಡಪಸರಕ್ಕ ಒಯ್ತಾನ ಮುಕಾದಮ. ಅಲ್ಲಿ ನಮ್ಮ ಠಿಕಾಣಿ ಯಾರಿಗಿ ಗೊತ್ತು? ಆದ್ರ ಅವ ಬಂದಽ ಬರ್ತಾನ್ರಿ. ನಾನಽ ಊರಿಂದ ಬಂದಾವ್ರ ಕೂಡ ಗುರ್ತು ಹೇಳಿ ಕಳಿಸೀನಿ. ಓದಾಕ ಬರಂಗಿಲ್ಲಲ್ಲ ಅವಗ. ಗ್ವಾಡಿ ಮ್ಯಾಲೆ ಆನಿ ಅದ, ಅದರ ಸೊಂಡಿ ಯಾ ಕಡೆ ಅದ ಆ ಸಂದ್ಯಾಗ ಬಾ ಅಂತ."

ಹೇಳಿ ಅವಳು ಮಗಳ ಕೈ ಹಿಡಿದು ಸೊಂಡಿಲು ತೋರಿಸಿದ ಕಡೆಗೆ ನಡೆದುಹೋದಳು.

ಮರುದಿನ ಬೀಗ ತೆರೆಯಲು ಬಂದ ದಿಗಂಬರರಾಯರ ಮುಂದೆ ಕೃಷ್ಣಾಬಾಯಿ ಮಾತು ತೆಗೆದಳು. ರಾಯರು ಕೇಳಿ ನಿಟ್ಟುಸಿರು ಬಿಟ್ಟರು.

"ನನಗೂ ಮೊಮ್ಮಗಳು ಅದಾಳ್ರಿ. ಆದ್ರ ಸಂಘಾ ಇದರಾಗ ತರಬ್ಯಾಡ್ರಿ. ಪರಊರಾಗ ಇದ್ದೀವಿ. ನಾಳೆ ಪೊಲೀಸ್ ಚೌಕಿ ಹತ್ತಿ ಇಳಿಯೋರು ಯಾರು? ನೀವೂ ಇದ್ದ ಕೆಲಸಾ, ಇದ್ದ ಖೋಲಿ ನೋಡಕೋರಿ." ಆಮೇಲೆ ಮಾತು ತಿರುಗಿಸಲು ಗೋಡೆಯ ಕಡೆ ನೋಡಿದರು. "ಅದಿರಲಿ. ಹೋಟೆಲಿನ ಸದಾನಂದ ಅವರು ಮತ್ತ ಕೇಳ್ಯಾರ. ನೆಲಕ್ಕ ಫರಶಿ ಹಾಕಸಿ ಕೊಡ್ತಾರಂತ, ಆನಿ ಅಳಿಸಿ ಗ್ವಾಡಿ ಮ್ಯಾಲೆ ಅವರ ತಾಯೀ ಹೆಸರು ಬರೀಬೇಕು. ಯುಗಾದಿಯಿಂದ ನೀವು ಒಲ್ಲೆ ಅನ್ನಾಕ ಹತ್ತೀರಿ. ಪುಸ್ತಕಾ ನೆಟ್ಟಗ ಹಿಡಿಯಾಕ ಬರದ ಆನಿಗೆ ಎಷ್ಟು ದಿನಾ ಅಂತ ಸಾಲಿ ಕಲಸ್ತೀರಿ?"

ಕೃಷ್ಣಾಬಾಯಿ ಆನೆಯನ್ನು ನೋಡಿದಳು. ಅದು ತನ್ನ ಕನ್ನಡಕದ ಹಿಂದಿನಿಂದ ಎಂದಿನಂತೆ ನೋಡುತ್ತಿತ್ತು. ಸೊಂಡಿಲು ಎಂದಿನಂತೆ ದಾರಿ ತೋರಿಸುತ್ತಿತ್ತು.

"ನಾಳೇನಽ ಸುಣ್ಣಾ ಬಳಿಸ್ರಿ" ಎಂದಳು.

ರಾಯರು ಕನ್ನಡಕ ತೆಗೆದು ಅವಳ ಮುಖ ನೋಡಿದರು. "ತಬ್ಯೇತ ಬರೋಬ್ಬರಿ ಅದ ಅಲ್ರಿ ಬಾಯಾರ?"

ಬಣ್ಣದವನು ಬಂದ. ಮೊದಲ ಕೈಗೆ ಆನೆ ಹೋಗಲಿಲ್ಲ. ಬಿಳಿಯ ಕೆಳಗಿಂದ ಕನ್ನಡಕ ಮತ್ತೆ ಮತ್ತೆ ಮೂಡಿ ಬಂತು. "ಭಾರಿ ಹಟ್ಟಿ ಆಹೇ ಹತ್ತಿ," ಬಹಳ ಹಟದ ಆನೆ ಎಂದು ಅವನು ಬೈದು ಇನ್ನೊಂದು ಕೈ ಹೊಡೆದ. ದುರ್ಗಾ ಹೊಸ್ತಿಲಲ್ಲಿ ನಿಂತು ನೋಡುತ್ತಿದ್ದಳು. ಕೃಷ್ಣಾಬಾಯಿ ಒಳಗೇ ಇದ್ದಳು. ತನ್ನ ಕೈಯಿಂದ ಬೆಳೆದ ಮೂಕ ಪ್ರಾಣಿಯನ್ನು ಯಾರೋ ಹೊಡೆದೊಯ್ಯುವಾಗ ಎದುರು ನಿಲ್ಲಲು ಯಾರಿಗೆ ಮನಸ್ಸು ಬರುತ್ತದೆ? ಕಡೆಗೆ ಸೊಂಡಿಲೂ ಹೋಯಿತು ಎಂದು ದುರ್ಗಾ ಬಂದು ಹೇಳಿದಳು.

ಅಮಾವಾಸ್ಯೆಗೆ ಇನ್ನೂ ಮೂರು ದಿನವಿತ್ತು. ಮಳೆ ಇನ್ನೂ ಬಂದಿರಲಿಲ್ಲ, ಬಿಸಿಲು ತಗಡಿನಂತೆ ಬಾಗಿಲಿಗೆ ಒರಗಿತ್ತು. ಬೆಳಗಿನಿಂದ ಕೃಷ್ಣಾಬಾಯಿ ಕಥೆ ಹೇಳುತ್ತಲೇ ಇದ್ದಳು. ಕೆಂಪು ಪಟ್ಟಿಯವು ಮುಗಿದು, ಅರಿಸಿನ ಪಟ್ಟಿಯವು ಮುಗಿದು, ಈಗ ಪುಸ್ತಕವಿಲ್ಲದ ಕಥೆಯೊಂದನ್ನು ತಾನೇ ನೂಲುತ್ತಿದ್ದಳು: ಒಂದು ಗುಡ್ಡಕ್ಕೆ ಬಹಳ ಚಳಿಯಾಗುತ್ತಿತ್ತಂತೆ. ಕುರುಬರ ಮುದುಕಿಯೊಬ್ಬಳು ಅದಕ್ಕೊಂದು ಕಂಬಳಿ ನೇಯ್ದು ಹೊದಿಸುತ್ತೇನೆ ಎಂದು ಮಾತು ಕೊಟ್ಟಳಂತೆ. ನೇಯ್ದು ಹೊದಿಸಿದರೆ ಗುಡ್ಡ ಅನ್ನುತ್ತಿತ್ತಂತೆ, "ಇನ್ನೊಂದು ಗೇಣು, ಅವ್ವಾ, ಇನ್ನೊಂದು ಗೇಣು..."

"ಅವ್ವಾರ."

ಬಾಗಿಲಲ್ಲಿ ಗಂಡಸಿನ ನೆರಳು. ದುರ್ಗಾ ಸದ್ದಿಲ್ಲದೆ ಗಿಡ್ಡ ಕಪಾಟಿನ ಹಿಂದೆ ಸರಿದಳು. ಕೃಷ್ಣಾಬಾಯಿ ಎದ್ದು ಬಾಗಿಲಿಗೆ ಹೋಗಿ ಅಡ್ಡ ನಿಂತಳು.

ಮೂವತ್ತರ ಆಸುಪಾಸಿನವನು. ಹೊಸ ಬಿಳಿ ಅಂಗಿ ಬೆವರಿಗೆ ಮೈಗಂಟಿತ್ತು. ಹೆಗಲಿಗೆ ಗಂಟು, ಬಗಲಲ್ಲಿ ಹಸಿರು ಬಳೆಗಳ ಪೊಟ್ಟಣ.

"ಕನ್ನಡದಾಗ ಮಾತಾಡೋದು ಕೇಳಿ ಬಂದೀನ್ರಿ. ಜೀವ ಬಂದಂಗಾತು. ಇಲ್ಲಿ ಗ್ವಾಡಿ ಮ್ಯಾಲೆ ಆನಿ ಇರೋದು ಎಲ್ರಿ? ರಿಕ್ಷಾದಾಂವ ಇದಽ ಅಂತ ಇಳಿಸಿ ಹೋದ. ನೋಡಿದ್ರ ಆನೀನಽ ಇಲ್ಲ!"

"ಇಲ್ಲಿ ಆನಿ ಇಲ್ಲೋ ತಮ್ಮಾ" ಎಂದಳು ಕೃಷ್ಣಾಬಾಯಿ.

ಈ ಮಾತನ್ನು ಅವಳು ರಾತ್ರಿಯೆಲ್ಲ ದೇವರ ಮುಂದೆ ತೂಗಿ ನೋಡಿದ್ದಳು. ಸುಳ್ಳಲ್ಲ. ಆನೆ ಇಲ್ಲ, ಇಲ್ಲ ಎಂದಳು. ಆದರೆ ಮನುಷ್ಯ ಒಂದೇ ಪ್ರಶ್ನೆ ಕೇಳಿ ಸುಮ್ಮನಾಗುತ್ತಾನೆಂದು ಯಾರು ಹೇಳಿದ್ದರು?

"ಹಂಗಾರ ನಮ್ಮಕ್ಕ ಸಾಬವ್ವ ಅಂತ, ಗುತ್ತೇದಾರ ಕೆಲಸಕ್ಕ ಬಂದಾಳ. ಆಕಿ ಮಗಳು ದುರ್ಗಿ. ಗೊತ್ತೇನ್ರಿ ನಿಮಗ?"

ಒಳಗೆ ಕಪಾಟಿನ ಗಾಜು ಸಣ್ಣಗೆ ಕಂಪಿಸಿತು. ಊದಿನಕಡ್ಡಿಯ ವಾಸನೆ ಇನ್ನೂ ಕೋಣೆಯಲ್ಲಿತ್ತು.

"ಗೊತ್ತಿಲ್ಲಪ್ಪಾ."

ಅವನು ತಲೆ ಆಡಿಸಿದ. ಅನುಮಾನದ ಒಂದು ಗೆರೆಯೂ ಆ ಮುಖದಲ್ಲಿ ಮೂಡಲಿಲ್ಲ. ಮೂಡಿದ್ದರೆ ಅವಳಿಗೆ ಸ್ವಲ್ಪ ಹಗುರಾಗುತ್ತಿತ್ತು.

"ಬಿಸಲು ಭಾಳ ಅದ್ರಿ. ಹೊತ್ತು ಇಳಿಯೂತನಕಾ ಈ ಕಟ್ಟಿ ಮ್ಯಾಲೆ ಕೂಡಲೇನ್ರಿ? ರಾತ್ರಿ ಗಾಡಿಗೆ ಹೊಳ್ಳಬೇಕು. ನಾಳೆ ಊರು ಮುಟ್ಟದಿದ್ರ ಮುಹೂರ್ತ ತಪ್ಪತದ."

ಕೃಷ್ಣಾಬಾಯಿ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಅವನು ಗಟಗಟ ಕುಡಿದು, ಉಳಿದದ್ದನ್ನು ಕುತ್ತಿಗೆಗೆ ಹಾಕಿಕೊಂಡು, ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂತ. ಆನೆಯ ಹೊಟ್ಟೆ ಇದ್ದ ಜಾಗ ಅದು.

ಕೃಷ್ಣಾಬಾಯಿ ಒಳಗೆ ಬಂದಳು. ಬಾಗಿಲಲ್ಲಿ ಅವನು, ಕಿಟಕಿಗಳಿಗೆ ಜಾಳಿಗೆ. ಹುಡುಗಿಯನ್ನು ಹೊರಗೆ ಸಾಗಿಸಲು ಬೇರೆ ದಾರಿಯಿಲ್ಲ. ಹಿಂದಿನ ಖೋಲಿಗೂ ಇದೇ ಕಟ್ಟೆ ಸುತ್ತಿ ಹೋಗಬೇಕು. ಸಂಜೆ ಸಾಬವ್ವ ಮಗಳನ್ನು ಕರೆಯಲು ಬರುತ್ತಾಳೆ. ತಮ್ಮನನ್ನು ಕಂಡರೆ ಅಲ್ಲಿಗೆ ಮುಗಿಯಿತು. ಇಷ್ಟು ವರ್ಷ ಈ ಕೋಣೆಯಲ್ಲಿ ಕೂಡಿಬಿದ್ದವಳಿಗೆ ಇವತ್ತಿನಷ್ಟು ಅದರ ನಾಲ್ಕು ಗೋಡೆಗಳು ಹತ್ತಿರ ಬಂದದ್ದಿಲ್ಲ.

ಕಪಾಟಿನ ಹಿಂದಿನಿಂದ ದುರ್ಗಾ ತುಟಿಯಷ್ಟೇ ಅಲ್ಲಾಡಿಸಿದಳು: ಮುಂದ?

ಆ ಮಗುವಿಗೆ ಇದ್ದ ಆಯುಧ ಕಥೆಯೊಂದೇ. ಕೃಷ್ಣಾಬಾಯಿ ಚಾಪೆಯ ಮೇಲೆ ಕೂತಳು.

"ಮುದುಕಿ ತನ್ನ ಕುರಿಗೋಳ ಉಣ್ಣೆ ಎಲ್ಲಾ ನೂತು ಮುಗಿಸಿದ್ಲು. ಗುಡ್ಡ ಅಂತು, ಅವ್ವಾ, ನನ್ನ ಕಾಲು ಇನ್ನೂ ಹೊರಗ ಅದಾವು. ಮುದುಕಿ ತನ್ನ ಸೀರಿ ಅಂಚು ಬಿಚ್ಚಿ ನೂಲು ತೆಗದ್ಲು. ಗುಡ್ಡ ಅಂತು, ಇನ್ನೊಂದು ಗೇಣು..."

ಹೊರಗೆ ಗಂಟಿನ ಸದ್ದಾಯಿತು. ಬಾಗಿಲಿಗೆ ಮತ್ತೆ ನೆರಳು ಬಿತ್ತು.

"ಅವ್ವಾರ, ಕಥಿ ಹೇಳಾಕ ಹತ್ತೀರೇನ್ರಿ?"

"ಹೌದಪ್ಪಾ. ಇದು ಮಕ್ಕಳಿಗೆ ಕಥಿ ಹೇಳೋ ಜಾಗಾ."

"ಹಗಲ ಹೊತ್ತಿನ್ಯಾಗ?" ಅವನು ಹಣೆ ಬಡಿದುಕೊಂಡು ನಕ್ಕ. ನಗುವಿನ ತುದಿಗೆ ಭಯವಿತ್ತು. "ಅದಕ್ಕಽ ನೋಡ್ರಿ! ಮುಂಜಾನಿಂದ ತಿರಗಾಕ ಹತ್ತೀನಿ, ಎದುರಿಗಿದ್ದ ಊರು ಕೈಗೆ ಸಿಗವಲ್ದು. ಯಾವದೋ ಕೂಸಿನ ಸೋದರಮಾವಗ ತಾಕಬೇಕಾದ್ದು ನನಗ ತಾಕೇದ. ನಿಮಗ ಕೈ ಮುಗೀತೀನಿ, ನಾ ಏಳತೀನ್ರಿ. ಇಲ್ಲೇ ಕೂತ್ರ ನನಗ ಅಕ್ಕನ ಮನಿ ಸಿಗಂಗಿಲ್ಲ."

ಅವನು ಗಂಟು ಬಿಚ್ಚಿ, ಬೊಗಸೆ ಶೇಂಗಾ ತೆಗೆದು ಹೊಸ್ತಿಲ ಮೇಲೆ ಸುರಿದ.

"ಕಥಿ ಕೇಳೋ ಕೂಸಿಗೆ ಕೊಡ್ರಿ. ಬೈಯಬ್ಯಾಡ್ರಿ ಅದಕ್ಕ, ಪಾಪ. ಅದಕ್ಕೇನು ಗೊತ್ತು?"

ಕಟ್ಟೆ ಇಳಿದು ಒಂದು ಕ್ಷಣ ನಿಂತ. ಎಡಕ್ಕೆ ನೋಡಿದ, ಸಂದಿಯ ಕಡೆಗೆ. ಕೃಷ್ಣಾಬಾಯಿ ಕಣ್ಣು ಮುಚ್ಚಿಕೊಂಡಳು. ತೆರೆದಾಗ ಅವನು ಬಲಕ್ಕೆ ಹೊರಟಿದ್ದ. ಬಗಲಲ್ಲಿದ್ದ ಬಳೆಗಳು ಹೆಜ್ಜೆಗೊಮ್ಮೆ ಸಣ್ಣಗೆ ಸದ್ದು ಮಾಡುತ್ತ ದೂರವಾದವು.

ದುರ್ಗಾ ಹೊರಬಂದು ಹೊಸ್ತಿಲ ಹತ್ತಿರ ಕೂತಳು. ಒಂದು ಶೇಂಗಾ ಎತ್ತಿ ಮೂಸಿದಳು.

"ನಮ್ಮ ಹೊಲದ್ದು" ಎಂದಳು. ಸುಲಿಯಲಿಲ್ಲ. "ಸಣ್ಣಾಕಿ ಇದ್ದಾಗ ಹೆಗಲ ಮ್ಯಾಲೆ ಕೂಡಿಸಿಕೊಂಡು ಹೊಲಕ್ಕ ಒಯ್ತಿದ್ದ. ಕೆಟ್ಟಾಂವ ಅಲ್ರಿ ನಮ್ಮ ಮಾವ."

"ಅಲ್ಲ ಬಿಡವಾ."

"ಬಾಯಾರ, ಅವಗ ಟೇಶನ್ನರ ಸಿಗತದೇನ್ರಿ?" "ಕಥಿ ನಿಂದರಿಸಿದ್ರ ದಾರಿ ಸಿಕ್ಕು ಇಲ್ಲಿಗೆ ಬರ್ತಾನ. ಹೇಳಕೋತ ಹೋದ್ರ ಅವಗ ಊರಿನ ದಾರೀನೂ ಸಿಗಂಗಿಲ್ಲ. ಅಜ್ಜಿ ಕಾಯ್ಕೋತ ಕುಂತಿರತಾಳ."

ಕೃಷ್ಣಾಬಾಯಿ ಪಟದಲ್ಲಿದ್ದ ದೇವಿಯ ಕಡೆ ನೋಡಿದಳು, ಆಮೇಲೆ ಜಾಳಿಗೆಯ ನೆರಳು ನೆಲದ ಮೇಲೆ ಎಲ್ಲಿಗೆ ಬಂದಿದೆ ಎಂದು ನೋಡಿದಳು. ಆ ನೆರಳು ಹುಡುಗಿಯ ಮೇಲೂ ಅವಳ ಮೇಲೂ ಒಂದೇ ರೀತಿ ಚೌಕ ಚೌಕವಾಗಿ ಬಿದ್ದಿತ್ತು.

"ಹಗಲು ಕೇಳಿದ್ರ ಅಷ್ಟಽ ದೋಷ ಅಲ್ಲೇನವಾ?"

"ಹೌದ್ರಿ."

"ಹಂಗಾರ ಹೊತ್ತು ಮುಳುಗೂತನಕಾ ಹೇಳತೀನಿ. ಮುಳುಗಿದ ಕೂಡಲೆ ನಿಲ್ಲಸತೀನಿ, ನಡು ಮಾತಿನಾಗ ಇದ್ರೂ. ಅವನ ಗಾಡಿ ರಾತ್ರೀದು. ಆವಾಗ ಅವಗ ಊರಿನ ದಾರಿ ಸಿಗತದ."

ದುರ್ಗಾ ಶೇಂಗಾವನ್ನೆಲ್ಲ ಲಂಗದ ಅಂಚಿಗೆ ಗಂಟು ಹಾಕಿಕೊಂಡು ಚಾಪೆಗೆ ಬಂದಳು. ಮೊಣಕಾಲಿಗೆ ಗದ್ದ ಆನಿಸಿದಳು.

"ಮುದುಕಿ ಸೀರಿ ಅಂಚು ಮುಗೀತು" ಎಂದಳು ಕೃಷ್ಣಾಬಾಯಿ. "ಆಕಿ ತನ್ನ ಬಿಳಿ ಕೂದಲು ಬಿಚ್ಚಿದ್ಲು. ಒಂದೊಂದಽ ಎಳಿ ತೆಗದು ಮಗ್ಗಕ್ಕ ಹಾಕಿದ್ಲು. ಗುಡ್ಡ ಸುಮ್ಮನ ನೋಡತಿತ್ತು. ಸಾಕಾತೇನೋ ಮಗನಽ ಅಂತ ಕೇಳಿದ್ಲು..."

ಬೆಳಕು ಕಿಟಕಿಯಿಂದ ಕಪಾಟಿಗೆ, ಕಪಾಟಿನಿಂದ ಸೂರಿಗೆ ಏರಿತು. ಕಟ್ಟಡದ ಕಡೆಯಿಂದ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ನಿಂತು, ಹೆಂಗಸರು ಬುಟ್ಟಿ ಕೆಳಗೆ ಹಾಕುವ ಸದ್ದು ಕೇಳಿತು. ದೂರದಲ್ಲಿ ರಾಯರ ಕೆಮ್ಮು, ಬೀಗದ ಕೈಗಳ ಕಿಣಿಕಿಣಿ. ಕೃಷ್ಣಾಬಾಯಿಯ ದನಿ ಒಡೆದುಹೋಗಿತ್ತು. ಸುಳ್ಳಾಡಿದ ಅದೇ ನಾಲಿಗೆಯಿಂದ ಅವಳು ಇನ್ನೂ ನೂಲು ಎಳೆಯುತ್ತಿದ್ದಳು. ಹೊರಗೆ ಬಿಳಿ ಗೋಡೆಯ ಮೇಲೆ ಬಿಸಿಲಿನ ಕಡೆಯ ಪಟ್ಟಿ ಇನ್ನೂ ಉಳಿದಿತ್ತು.

"ಏನಂತ್ರಿ ಗುಡ್ಡ?" ಎಂದು ದುರ್ಗಾ ಪಿಸುಗುಟ್ಟಿದಳು.

"ಇನ್ನೊಂದು ಗೇಣು, ಅವ್ವಾ, ಅಂತು."